ತಾತನ ಚಾಕುವಿಗೆ ಬಾಯಿ ಬಂದ ಬಗೆ

(ಹಳೆಯ ಉಪಕರಣಗಳ ಹವ್ಯಾಸಿಗಳು ಸೇರಿದ್ದ ಒಂದು ಸಂಜೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಪುನರುಕ್ತಿ ತೆಗೆದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಬಿಟ್ಟಿಲ್ಲ.)

ಎಲ್ಲರಿಗೂ ನಮಸ್ಕಾರ. ಮಾತು ಶುರುಮಾಡುವ ಮೊದಲು ಇದನ್ನೊಂದು ಸುತ್ತು ಕಳಿಸುತ್ತೇನೆ, ಕೈಯಿಂದ ಕೈಗೆ ದಾಟಿಸಿ. ನಮ್ಮ ತಾತನ ಜೇಬುಚಾಕು. ಹುಷಾರು, ಹರಿತವಾಗಿದೆ. ಮುಚ್ಚುವಾಗ ಬೆರಳು ಅಡ್ಡ ಬರದಂತೆ ನೋಡಿಕೊಳ್ಳಿ, ಇದಕ್ಕೆ ಲಾಕ್ ಇಲ್ಲ.

ನನ್ನ ಕೈಗೆ ಬಂದಾಗ ಇದು ಒಂದು ತಗಡಿನ ಡಬ್ಬಿಯಲ್ಲಿ ಗುಂಡಿ, ಬೀಗದ ಕೈ, ಒಡೆದ ಕನ್ನಡಕದ ಜೊತೆ ಬಿದ್ದಿತ್ತು. ತೆರೆಯಲು ಹೋದರೆ ಉಗುರು ಮುರಿಯಿತೇ ಹೊರತು ಅಲಗು ಕದಲಲಿಲ್ಲ. ಹಿಡಿಯ ಸಂದಿನಲ್ಲಿ ಹಸಿರು ಕಿಲುಬು, ಅಲಗಿನ ಬೆನ್ನ ಮೇಲೆ ಕೆಂಪು ತುಕ್ಕು. ಇವತ್ತು ಇದರಲ್ಲೇ ಪೆನ್ಸಿಲ್ ಕೆತ್ತುತ್ತೇನೆ, ಪಾರ್ಸಲ್ಲಿನ ದಾರ ಕತ್ತರಿಸುತ್ತೇನೆ. ಈ ಎರಡರ ನಡುವೆ ಏನು ನಡೆಯಿತು ಅನ್ನುವುದೇ ಈ ಹೊತ್ತಿನ ಮಾತು.

ನನ್ನದೊಂದು ತಕರಾರಿದೆ, ಮೊದಲೇ ಹೇಳಿಬಿಡುತ್ತೇನೆ. ಹಳೆಯ ಚಾಕು ಸರಿಮಾಡುವುದು ಅಂದಕೂಡಲೇ ಜನ ಹೊಳಪಿನ ಹಿಂದೆ ಬೀಳುತ್ತಾರೆ. ಅಲಗು ಕನ್ನಡಿಯಾಗಬೇಕು, ಹಿಡಿ ಫಳಫಳ ಅನ್ನಬೇಕು. ಹಿರಿಯರಿಂದ ಬಂದ ಚಾಕುವಿನಿಂದ ನಾನು ಕೇಳುವುದು ಮೂರೇ: ತೆರೆಯಬೇಕು, ಮುಚ್ಚಬೇಕು, ಕತ್ತರಿಸಬೇಕು. ಅಷ್ಟಕ್ಕೆ ಎಷ್ಟು ಬೇಕೋ ಅಷ್ಟು ಕೈ ಹಾಕಿ, ಕೈ ತೆಗೆಯಬೇಕು. ಉಜ್ಜಿದ ಉಕ್ಕು ಮತ್ತೆ ಬೆಳೆಯುವುದಿಲ್ಲ.

ಇದನ್ನು ನಾನು ಕಲಿತದ್ದು ಒಂದು ಚಾಕುವನ್ನು ಹಾಳುಮಾಡಿ. ತಾತನದಕ್ಕಿಂತ ಮೊದಲು ನನಗೆ ಸಿಕ್ಕಿದ್ದು ದೊಡ್ಡಪ್ಪನ ಚಾಕು. ಹುಮ್ಮಸ್ಸಿನಲ್ಲಿ ಅದನ್ನು ನೇರವಾಗಿ ಗ್ರೈಂಡರ್ ಚಕ್ರಕ್ಕೆ ಹಿಡಿದೆ. ಕಿಡಿ ಹಾರಿತು, ಖುಷಿಯೂ ಆಯಿತು. ಮೊದಲ ತಪ್ಪು ತಕ್ಷಣ ಕಾಣಲಿಲ್ಲ: ಅಲಗಿನ ಬುಡದಲ್ಲಿದ್ದ ತಯಾರಕರ ಮುದ್ರೆ ಸವೆದು ಹೋಗಿತ್ತು. ಎರಡನೆಯದು ಕಣ್ಣೆದುರೇ ನಡೆಯಿತು. ಬಾಯಿಯ ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು, ಆಮೇಲೆ ಕಂದು, ನೇರಳೆ, ಕೊನೆಗೆ ನವಿಲುಗೊರಳಿನ ನೀಲಿ. ಚೆಂದ ಅಂದುಕೊಂಡೆ. ಅದು ಉಕ್ಕಿನ ಹದ ಹೋಗುವ ಬಣ್ಣ.

ಕಾಯಿಸಿ ತಟ್ಟನೆ ತಣಿಸಿದ ಉಕ್ಕು ಗಾಜಿನ ಹಾಗೆ, ಗಟ್ಟಿ ಆದರೆ ಪೆಡಸು. ಅದನ್ನು ಮತ್ತೆ ಸುಮಾರು 200 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ ಬೇಕಾದಷ್ಟೇ ಮೆತ್ತಗೆ ಮಾಡುತ್ತಾರೆ, ಅದೇ ಹದ. ನೀಲಿ ಬಣ್ಣ ಬಂತೆಂದರೆ ಶಾಖ 300 ಡಿಗ್ರಿ ಮುಟ್ಟಿತು ಅಂತ ಅರ್ಥ, ಬೇಡದಷ್ಟು ಮೆತ್ತಗಾಯಿತು. ಬಾಯಿಯ ಅಂಚು ಕಾಗದದಷ್ಟು ತೆಳು, ಶಾಖ ಹರಿದು ಹೋಗಲು ಅಲ್ಲಿ ಲೋಹವೇ ಇಲ್ಲ. ಕೆಲವೇ ಕ್ಷಣ ಸಾಕು. ಆ ಚಾಕು ಈಗಲೂ ನನ್ನ ಹತ್ತಿರ ಇದೆ. ಮಸೆದರೆ ಹರಿತ ಬರುತ್ತದೆ, ನಾಲ್ಕು ಪೆನ್ಸಿಲ್ ಕೆತ್ತುವಷ್ಟರಲ್ಲಿ ಹೋಗುತ್ತದೆ. ಸಣ್ಣ ಅರವನ್ನು ಅಂಚಿನ ಮೇಲೆ ಆಡಿಸಿದರೆ ಕಚ್ಚುತ್ತದೆ. ಹದವಿರುವ ಉಕ್ಕಿನ ಮೇಲೆ ಅರ ಜಾರಬೇಕು. ನೀಲಿಯಾದ ಒಂದೆರಡು ಮಿಲಿಮೀಟರನ್ನು ಕಲ್ಲಿನ ಮೇಲೆ ನಿಧಾನಕ್ಕೆ ಸವೆಸಿ ಒಳಗಿನ ಒಳ್ಳೆಯ ಉಕ್ಕನ್ನು ಮುಟ್ಟಬಹುದು. ಅಷ್ಟು ಅಗಲ ಉಳಿದಿದ್ದರೆ. ನಾನು ಉಳಿಸಿರಲಿಲ್ಲ.

ಹಾಗಾಗಿ ತಾತನ ಚಾಕು ಬಂದಾಗ ಮೊದಲ ವಾರ ಏನೂ ಮಾಡಲಿಲ್ಲ. ಭೂತಗನ್ನಡಿ ಹಿಡಿದು ನೋಡಿದ್ದಷ್ಟೇ.

ನೋಡಬೇಕಾದ್ದು ಮೊದಲು ಮುದ್ರೆ. ಅಲಗಿನ ಬುಡ, ಹಿಡಿಯೊಳಗೆ ಹೋಗುವ ಜಾಗದ ಹತ್ತಿರ, ಹೆಚ್ಚಿನ ತಯಾರಕರು ಹೆಸರು ಒತ್ತುತ್ತಾರೆ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗನ್, ಫ್ರಾನ್ಸಿನ ತಿಯೇರ್ ಊರುಗಳ ಹೆಸರು ಹಳೆಯ ಚಾಕುಗಳಲ್ಲಿ ಮತ್ತೆ ಮತ್ತೆ ಸಿಗುತ್ತವೆ. ದೇಶದ ಹೆಸರೂ ಸುಳಿವು ಕೊಡುತ್ತದೆ. ಆಮದಾಗುವ ಸರಕಿನ ಮೇಲೆ ಅದು ತಯಾರಾದ ದೇಶದ ಹೆಸರಿರಬೇಕು ಎಂದು ಅಮೆರಿಕ 1890ರಲ್ಲಿ ಕಾನೂನು ತಂದಿತು. ಅಲ್ಲಿಗೆ ಕಳಿಸಲೆಂದು ಮಾಡಿದ ಚಾಕುಗಳ ಮೇಲೆ ‘ಜರ್ಮನಿ’, ‘ಇಂಗ್ಲೆಂಡ್’ ಎಂಬ ಪದ ಸಾಮಾನ್ಯವಾದದ್ದು ಆಮೇಲೆಯೇ. ಹೆಸರಿಲ್ಲದ ಮಾತ್ರಕ್ಕೆ ಅದಕ್ಕಿಂತ ಹಳೆಯದು ಅಂತ ಬೀಗಬೇಡಿ. ಬೇರೆ ಮಾರುಕಟ್ಟೆಗೆ ಹೋದದ್ದೂ ಇರಬಹುದು. ಅಮೆರಿಕದ ಕೇಸ್ ಕಂಪನಿಯದು ಇನ್ನೂ ಸ್ವಾರಸ್ಯ. 1970ರಲ್ಲಿ ಮುದ್ರೆಯ ಕೆಳಗೆ ಹತ್ತು ಚುಕ್ಕೆ ಒತ್ತಿ, ವರ್ಷಕ್ಕೊಂದರಂತೆ ಕಡಿಮೆ ಮಾಡುತ್ತಾ ಬಂದರು. ಏಳು ಚುಕ್ಕೆ ಇದ್ದರೆ 1973. ಗ್ರೈಂಡರಿಗೆ ಕೊಟ್ಟರೆ ಹೋಗುವುದು ಈ ಚುಕ್ಕೆಗಳೇ.

ಎರಡನೆಯದು ಉಕ್ಕಿನ ಜಾತಿ. ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ್ದು 1913ರಲ್ಲಿ. ಅದಕ್ಕಿಂತ ಹಿಂದಿನ ಚಾಕುಗಳೆಲ್ಲ, ಆಮೇಲಿನವೂ ಬಹಳಷ್ಟು, ಕಾರ್ಬನ್ ಉಕ್ಕಿನವು. ಸ್ಟೇನ್‌ಲೆಸ್ ಆಗಿದ್ದರೆ ಅಲಗಿನ ಮೇಲೆ ಬರೆದುಕೊಂಡಿರುತ್ತಾರೆ: ಜರ್ಮನಿಯವರು ‘ರೋಸ್ಟ್‌ಫ್ರೈ’, ಫ್ರೆಂಚರು ‘ಇನಾಕ್ಸ್’. ಸ್ವಿಸ್ ಚಾಕುವಿನ ವಿಕ್ಟೋರಿನಾಕ್ಸ್ ಎಂಬ ಹೆಸರಿನ ಬಾಲ ಕೂಡ ಅದೇ. ಸ್ಥಾಪಕ ಕಾರ್ಲ್ ಎಲ್ಸೆನರ್ ತಾಯಿ ವಿಕ್ಟೋರಿಯಾ ತೀರಿಕೊಂಡಾಗ, 1909ರಲ್ಲಿ, ಆಕೆಯ ಹೆಸರನ್ನು ಸರಕಿಗೆ ಇಟ್ಟರು. 1921ರಲ್ಲಿ ‘ಇನಾಕ್ಸ್’ ಸೇರಿತು. ತಾಯಿಯೂ ತುಕ್ಕು ಹಿಡಿಯದ ಉಕ್ಕೂ ಒಂದೇ ಹೆಸರಿನಲ್ಲಿ. ಅಯಸ್ಕಾಂತ ಹಿಡಿದು ಜಾತಿ ಪತ್ತೆ ಮಾಡುತ್ತೇನೆ ಅಂತ ಕೆಲವರು ಹೊರಡುತ್ತಾರೆ. ಚಾಕುವಿಗೆ ಬಳಸುವ ಸ್ಟೇನ್‌ಲೆಸ್ ಸಹ ಅಯಸ್ಕಾಂತಕ್ಕೆ ಅಂಟುತ್ತದೆ, ಪ್ರಯೋಜನವಿಲ್ಲ. ಅಲಗು ಮಳೆಮೋಡದಂತೆ ಬೂದು ಬಣ್ಣಕ್ಕೆ ತಿರುಗಿದ್ದರೆ ಕಾರ್ಬನ್ ಉಕ್ಕು ಅನ್ನಬಹುದು.

ಮೂರನೆಯದು ಹಿಡಿ. ಮೂಳೆ, ಕೊಂಬು, ಮರ, ಮುತ್ತಿನ ಚಿಪ್ಪು. ಇವುಗಳ ಕಾಯಿಲೆಗಳು ಕಣ್ಣಿಗೆ ಕಾಣುತ್ತವೆ. ಮೋಸ ಮಾಡುವುದು ಸೆಲ್ಯುಲಾಯ್ಡ್. ಕಳೆದ ಶತಮಾನದ ಚಾಕುಗಳಲ್ಲಿ ಬಣ್ಣಬಣ್ಣದ, ಆಮೆಚಿಪ್ಪಿನಂತೆಯೋ ಮುತ್ತಿನಂತೆಯೋ ಕಾಣುವ ಹಿಡಿ ಇದ್ದರೆ ಅನುಮಾನಪಡಿ. ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಸೇರಿಸಿ ಮಾಡಿದ ಪ್ಲಾಸ್ಟಿಕ್ ಅದು. ದಶಕಗಳು ಕಳೆದ ಮೇಲೆ ತಾನಾಗಿಯೇ ಕೊಳೆಯಲು ಶುರುವಾಗುತ್ತದೆ, ಆಗ ಹೊರಬರುವ ಅನಿಲ ತೇವದ ಜೊತೆ ಸೇರಿ ನೈಟ್ರಿಕ್ ಆಮ್ಲವಾಗುತ್ತದೆ. ತನ್ನ ಅಲಗನ್ನಷ್ಟೇ ಅಲ್ಲ, ಅದೇ ಡಬ್ಬಿಯಲ್ಲಿರುವ ಪಕ್ಕದ ಚಾಕುಗಳನ್ನೂ ತಿನ್ನುತ್ತದೆ. ಎಷ್ಟು ಒರೆಸಿದರೂ ಹಿಡಿಯ ಹತ್ತಿರವೇ ಮತ್ತೆ ಮತ್ತೆ ತುಕ್ಕು ಬರುತ್ತಿದ್ದರೆ, ಡಬ್ಬಿ ತೆರೆದಾಗ ಕರ್ಪೂರದ ಘಾಟು ಬಂದರೆ, ಹಿಡಿಯಲ್ಲಿ ಸಕ್ಕರೆ ಹರಳಿನಂಥ ಸಣ್ಣ ಬಿರುಕು ಕಂಡರೆ, ಆ ಚಾಕುವನ್ನು ಇವತ್ತೇ ಬೇರೆ ಮಾಡಿ, ಗಾಳಿಯಾಡುವ ಕಡೆ ಇಡಿ. ಬೆಂಕಿ, ಬಿಸಿನೀರು, ಪಾಲಿಶ್ ಚಕ್ರ ಯಾವುದರ ಹತ್ತಿರಕ್ಕೂ ಒಯ್ಯಬೇಡಿ. ಕರ್ಪೂರದ ನೆಂಟ ಅದು, ಹತ್ತಿಕೊಂಡರೆ ಧಗ್ ಅನ್ನುತ್ತದೆ.

ನಮ್ಮ ತಾತನದು ಮೂಳೆಯ ಹಿಡಿ, ಕಾರ್ಬನ್ ಉಕ್ಕು, ಮುದ್ರೆ ಅರ್ಧ ಅಳಿಸಿದೆ. ಇನ್ನು ತೆರೆಯುವ ಮಾತು.

ಇಂಥ ಚಾಕುವಿನ ಒಳಗೆ ಇರುವುದು ಬಹಳ ಸರಳ. ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ, ಅದೇ ಸ್ಪ್ರಿಂಗ್. ಅದರ ತುದಿ ಅಲಗಿನ ಬುಡವನ್ನು ಸದಾ ಒತ್ತಿ ಹಿಡಿದಿರುತ್ತದೆ. ತೆರೆದಾಗ ‘ಟಕ್’ ಅನ್ನುವುದು ಆ ಪಟ್ಟಿ ಬುಡದ ಚಪ್ಪಟೆ ಭಾಗದ ಮೇಲೆ ಕೂರುವ ಸದ್ದು. ಎಡಬಲಕ್ಕೆ ಹಿತ್ತಾಳೆಯ ತೆಳು ಹಾಳೆ, ಅದರ ಮೇಲೆ ಹಿಡಿಯ ತುಂಡುಗಳು, ಎಲ್ಲವನ್ನೂ ಪೋಣಿಸಿ ಬಡಿದ ರಿವೆಟ್‌ಗಳು. ಅಲಗು ಸಿಕ್ಕಿಹಾಕಿಕೊಂಡಿದೆ ಅಂದರೆ ತಿರುಗಣಿಯ ರಿವೆಟ್ ಸುತ್ತ ಒಣಗಿದ ಎಣ್ಣೆ, ಜೇಬಿನ ಧೂಳು, ತುಕ್ಕು ಸೇರಿ ಗಾರೆಯಾಗಿದೆ.

ಇಲ್ಲಿ ಇಕ್ಕಳ ಹಾಕುವವರಿದ್ದಾರೆ. ಅಲಗು ಬರುವುದಿಲ್ಲ, ಮೊನೆ ಬರುತ್ತದೆ. ನಾನು ಮಾಡಿದ್ದು ಇಷ್ಟು: ಹೊಲಿಗೆ ಯಂತ್ರದ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ತೆಗೆದು ತಿರುಗಣಿಯ ಸಂದಿಗೆ ಎರಡು ಹನಿ. ಮೂಳೆ ಎಣ್ಣೆ ಹೀರಿ ಕಲೆಯಾಗುತ್ತದೆ, ಆದ್ದರಿಂದ ಇಡೀ ಚಾಕುವನ್ನು ಎಣ್ಣೆಯಲ್ಲಿ ಮುಳುಗಿಸಲಿಲ್ಲ. ಹಿಡಿ ಪೂರ್ತಿ ಲೋಹದ್ದಾಗಿದ್ದರೆ ಮುಳುಗಿಸುತ್ತಿದ್ದೆ. ರಾತ್ರಿಯೆಲ್ಲ ತಲೆಕೆಳಗಾಗಿ ನಿಲ್ಲಿಸಿದೆ. ಬೆಳಿಗ್ಗೆ ಅಲಗಿನಲ್ಲಿ ಉಗುರಿಗೆಂದು ಕೊರೆದ ಗೀಚಿನಲ್ಲಿ ಹಿತ್ತಾಳೆಯ ತೆಳು ತುಂಡು ಸಿಕ್ಕಿಸಿ ಎತ್ತಿದರೆ ಕೂದಲೆಳೆಯಷ್ಟು ಕದಲಿತು. ಎತ್ತುವುದು, ಬಿಡುವುದು, ಹನಿ ಹಾಕುವುದು. ಮೂರನೇ ದಿನ ಸಂಜೆ ಕಪ್ಪು ಕೆಸರಿನಂಥ ಎಣ್ಣೆ ಹೊರಗೆ ಬಂತು, ಅದರ ಹಿಂದೆಯೇ ಅಲಗು. ಆ ‘ಟಕ್’ ಎಷ್ಟೋ ವರ್ಷಗಳ ಮೇಲೆ ಕೇಳಿದ್ದು.

ಒಪಿನೆಲ್ ತರಹದ ಮರದ ಹಿಡಿಯ ಚಾಕು ಇದ್ದವರಿಗೆ ಒಂದು ಮಾತು. ಅದರಲ್ಲಿ ತುಕ್ಕಿಗಿಂತ ಮರದ ತೇವ ಅಲಗನ್ನು ಕಚ್ಚುವುದೇ ಹೆಚ್ಚು. ಎಣ್ಣೆ ಸುರಿಯದೆ ಕೆಲವು ದಿನ ಒಣ ಜಾಗದಲ್ಲಿಡಿ. 1955ರಿಂದೀಚಿನದಾದರೆ ಕತ್ತಿನಲ್ಲಿ ತಿರುಗುವ ಉಂಗುರ ಇರುತ್ತದೆ, ಅದನ್ನು ಬಿಡಿಸಿ ಹಿಡಿಯ ಹಿಂಭಾಗವನ್ನು ಮೇಜಿಗೆ ಕುಟ್ಟಿದರೆ ಅಲಗು ತಾನೇ ಇಣುಕುತ್ತದೆ. ಅದು ಹುಟ್ಟಿದ ಫ್ರಾನ್ಸಿನ ಸವೊಯ್ ಸೀಮೆಯ ಹಳೆಯ ಉಪಾಯ.

ತುಕ್ಕಿಗೆ ಬರೋಣ. ಕೆಂಪು ತುಕ್ಕು ಶತ್ರು. ಅದು ಉಕ್ಕನ್ನು ಹಿಡಿದಿಡುವುದಿಲ್ಲ, ಪುಡಿಯಾಗಿ ಉದುರುತ್ತಾ ಒಳಗೊಳಗೆ ಇಳಿಯುತ್ತದೆ. ಬೂದು, ಕಪ್ಪು ಛಾಯೆ ಬೇರೆಯೇ. ಬಳಕೆಯಿಂದ ಬಂದ ಆ ಪದರ ಉಕ್ಕಿಗೆ ಅಂಟಿಕೊಂಡು ಒಂದು ಮಟ್ಟಿಗೆ ಕಾಪಾಡುತ್ತದೆ. ಕೆಂಪನ್ನು ತೆಗೆಯಿರಿ, ಕಪ್ಪನ್ನು ಬಿಡಿ. ಎಣ್ಣೆ ಸವರಿ, ತಾಮ್ರದ್ದೋ ಹಿತ್ತಾಳೆಯದ್ದೋ ಅಂಚಿನಿಂದ ಕೆರೆಯಿರಿ. ಉಕ್ಕಿಗಿಂತ ಮೆತ್ತಗಿನ ಲೋಹ ತುಕ್ಕನ್ನು ಎಬ್ಬಿಸುತ್ತದೆ, ಅಲಗನ್ನು ಗೀರುವುದಿಲ್ಲ. ಉಳಿದದ್ದಕ್ಕೆ ಅತಿ ನಯವಾದ, ನಾಲ್ಕು ಸೊನ್ನೆಯ ಉಕ್ಕಿನ ನಾರು, ಅದೂ ಎಣ್ಣೆಯ ಜೊತೆ. ಉಪ್ಪುಕಾಗದವನ್ನು ನಾನು ಅಲಗಿನ ಹೊರಮೈಗೆ ಮುಟ್ಟಿಸುವುದಿಲ್ಲ. ತುಕ್ಕು ಹೋದ ಮೇಲೆ ಸಿಡುಬಿನ ಕಲೆಯಂಥ ಗುಳಿಗಳು ಉಳಿಯುತ್ತವೆ. ಅವನ್ನು ಮಾಯ ಮಾಡಬೇಕಾದರೆ ಇಡೀ ಅಲಗನ್ನೇ ಗುಳಿಯ ಆಳಕ್ಕೆ ಇಳಿಸಬೇಕು. ಬೇಡ. ಬಾಯಿಯ ಅಂಚಿನಲ್ಲಿ ಗುಳಿ ಇಲ್ಲದಿದ್ದರೆ ಸಾಕು.

ಇಲ್ಲಿ ಒಬ್ಬರು ಕೇಳಿದರು: “ವಿನೆಗರಿನಲ್ಲಿ ಒಂದು ರಾತ್ರಿ ಹಾಕಿಟ್ಟರೆ ಆಗಲ್ವಾ ಸಾರ್?” ತುಕ್ಕೇನೋ ಹೋಗುತ್ತದೆ. ಆದರೆ ಆಮ್ಲಕ್ಕೆ ತುಕ್ಕು ಯಾವುದು, ಉಕ್ಕು ಯಾವುದು ಅನ್ನುವ ಭೇದವಿಲ್ಲ. ಜೊತೆಗೆ ಮೂಳೆಯನ್ನೂ ಮುತ್ತಿನ ಚಿಪ್ಪನ್ನೂ ಕರಗಿಸುತ್ತದೆ. ಬಿಡಿಯಾಗಿರುವ ಅಲಗಿಗಾದರೆ ಹೂಂ ಅನ್ನುತ್ತಿದ್ದೆ, ಜೋಡಿಸಿದ ಚಾಕುವಿಗೆ ಅನ್ನಲಾರೆ.

ಹಿತ್ತಾಳೆಯ ಕಿಲುಬು ಸುಲಭ: ಹಳೆಯ ಹಲ್ಲುಜ್ಜುವ ಬ್ರಶ್ಶು, ಮರದ ಕಡ್ಡಿ, ಸ್ವಲ್ಪ ಎಣ್ಣೆ. ಅಂದಹಾಗೆ ಹಿಡಿಯ ತುದಿಯಲ್ಲಿ ಬೆಳ್ಳಿಯಂತೆ ಹೊಳೆಯುವ ಲೋಹ ಸಾಮಾನ್ಯವಾಗಿ ನಿಕ್ಕಲ್ ಸಿಲ್ವರ್. ತಾಮ್ರ, ಸತು, ನಿಕ್ಕಲ್ಲಿನ ಮಿಶ್ರಣ. ಹೆಸರಿನಲ್ಲಿ ಬಿಟ್ಟರೆ ಬೆಳ್ಳಿ ಇಲ್ಲ. ಮುತ್ತಿನ ಚಿಪ್ಪಿನ ಹಿಡಿ ಇದ್ದರೆ ಒಣಗಿದ್ದಾಗ ಉಜ್ಜಬೇಡಿ, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು.

ಅಲಗು ಎಡಬಲಕ್ಕೆ ಅಲ್ಲಾಡಿದರೆ ತಿರುಗಣಿಯ ರಿವೆಟ್ ಸಡಿಲವಾಗಿದೆ. ಚಾಕುವಿನ ತಲೆಯನ್ನು, ಅಂದರೆ ಹಿಡಿಯ ತುದಿಯ ಆ ಲೋಹದ ಭಾಗವನ್ನು, ಗಟ್ಟಿ ಕಬ್ಬಿಣದ ಮೇಲಿಟ್ಟು, ದುಂಡುಮೂತಿಯ ಸಣ್ಣ ಸುತ್ತಿಗೆಯಿಂದ ರಿವೆಟ್ಟಿನ ನೆತ್ತಿಗೆ ತಟ್ಟಬೇಕು. ಹೊಡೆಯುವುದಲ್ಲ, ಬಾಗಿಲು ತಟ್ಟಿದ ಹಾಗೆ. ನಾಲ್ಕು ಸಲ ತಟ್ಟಿ ತೆರೆದು ನೋಡಿ, ಮತ್ತೆ ನಾಲ್ಕು. ಬಿಗಿ ಹೆಚ್ಚಾದರೆ ಬಿಡಿಸುವುದು ಕಷ್ಟ. ರಿವೆಟ್ ಲೋಹದ ತಲೆಯ ಮೂಲಕ ಹಾದುಹೋಗಿದ್ದರೆ ಮಾತ್ರ ಈ ಕೆಲಸ. ನೇರವಾಗಿ ಮೂಳೆಯ ಮೂಲಕ ಹೋಗಿದ್ದರೆ ಸೀಳುತ್ತದೆ, ಅಲ್ಲಾಡಿಕೊಂಡೇ ಇರಲಿ.

ಇನ್ನು ಸಾಣೆ. ಎಲ್ಲರೂ ಕಾಯುತ್ತಿದ್ದದ್ದು ಇದಕ್ಕೇ ಅಂತ ಗೊತ್ತು.

ಕಲ್ಲಿನ ಮೇಲೆ ಅಲಗು ಮಲಗಿಸಿ ಬೆನ್ನನ್ನು ಎಷ್ಟು ಎತ್ತಬೇಕು? ಕೋನಮಾಪಕ ಬೇಡ. ಅಲಗಿನ ಅಗಲದ ಕಾಲುಭಾಗ ಎತ್ತಿದರೆ ಸುಮಾರು 15 ಡಿಗ್ರಿ, ಮೂರನೇ ಒಂದು ಭಾಗ ಎತ್ತಿದರೆ 20ರ ಹತ್ತಿರ. ಶಾಲೆಯ ತ್ರಿಕೋನಮಿತಿಯ ಸೈನ್ ಅಷ್ಟೇ, ನನ್ನ ಜೀವನದಲ್ಲಿ ಅದು ಉಪಯೋಗಕ್ಕೆ ಬಂದ ಏಕೈಕ ಜಾಗ. 12 ಮಿಲಿಮೀಟರ್ ಅಗಲದ ಅಲಗಿಗೆ 3ರಿಂದ 4 ಮಿಲಿಮೀಟರ್. ಜೇಬುಚಾಕುವಿಗೆ ಈ ಎರಡರ ನಡುವೆ ಎಲ್ಲಿದ್ದರೂ ನಡೆಯುತ್ತದೆ, ಕೈ ಮಾತ್ರ ಒಂದೇ ಕಡೆ ನಿಲ್ಲಬೇಕು. ಅಂಚಿಗೆ ಮಾರ್ಕರ್ ಪೆನ್ನಿನ ಮಸಿ ಹಚ್ಚಿ ಎರಡು ಸಲ ಎಳೆದು ನೋಡಿ. ಮಸಿ ಅಂಚಿನ ತುದಿಯಲ್ಲಿ ಉಳಿದಿದ್ದರೆ ಬೆನ್ನು ತಗ್ಗಾಗಿದೆ, ಮೇಲೆ ಉಳಿದಿದ್ದರೆ ಹೆಚ್ಚು ಎತ್ತಿದ್ದೀರಿ.

ಬಾಯಿ ಪೂರ್ತಿ ಮೊಂಡಾಗಿದ್ದರೆ 400ರ ಕಲ್ಲು, ಆಮೇಲೆ 1000ದ್ದು. ಅಂಕಿ ದೊಡ್ಡದಾದಷ್ಟೂ ಕಲ್ಲು ನಯ. ಒಂದೇ ಪಕ್ಕ ಮಸೆಯುತ್ತಾ ಹೋದಂತೆ ಇನ್ನೊಂದು ಪಕ್ಕದಲ್ಲಿ ಉಗುರಿಗೆ ತಗುಲುವ ಒರಟು ಎಳೆ ಏಳುತ್ತದೆ, ಕೆಲಸಗಾರರು ಬರ್ ಅನ್ನುತ್ತಾರೆ. ಬುಡದಿಂದ ಮೊನೆಯವರೆಗೆ ಎಳೆ ಎದ್ದ ಮೇಲೆಯೇ ಪಕ್ಕ ಬದಲಿಸಬೇಕು. ಹೆಚ್ಚಿನವರು ಸೋಲುವುದು ಇಲ್ಲೇ, ಎಳೆ ಏಳುವ ಮೊದಲೇ ತಿರುಗಿಸಿಬಿಡುತ್ತಾರೆ. ಕೊನೆಗೆ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಹತ್ತಿಪ್ಪತ್ತು ಸಲ ಎಳೆದರೆ ಆ ಎಳೆ ಉದುರುತ್ತದೆ.

ತಾತನ ಚಾಕುವಿಗೆ ಮಸಿ ಹಚ್ಚಿದ ದಿನ ನನಗೊಂದು ಆಶ್ಚರ್ಯ ಕಾದಿತ್ತು. ಅಲಗು ಬುಡದ ಹತ್ತಿರ ಅಗಲವಾಗಿಯೇ ಇದೆ, ನಡುವೆ ಒಳಬಾಗಿ ಸವೆದಿದೆ. ಸಣ್ಣ ಕಲ್ಲಿನ ಮೇಲೆ ವರ್ಷಾನುಗಟ್ಟಲೆ ಮಸೆದ ಗುರುತು. ಅವರು ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದವರು, ದಿನವಿಡೀ ನೂಲು, ರಟ್ಟು. ಅದು ಸರಿ. ಆದರೆ ಬಾಯಿಯ ಇಳಿಜಾರು ಒಂದು ಪಕ್ಕ ಅಗಲ, ಇನ್ನೊಂದು ಪಕ್ಕ ಕಿರಿದು. ನಾನು ಕಂಡ ಬೇರೆ ಚಾಕುಗಳದಕ್ಕೆ ಉಲ್ಟಾ. ಹಿಡಿಯ ಮೂಳೆ ನುಣುಪಾಗಿ ಸವೆದಿರುವುದೂ ಉಗುರಿನ ಗೀಚು ಇಲ್ಲದ ಬದಿಯಲ್ಲಿ. ಸೋದರತ್ತೆಗೆ ಫೋನ್ ಮಾಡಿ, “ಅತ್ತೆ, ತಾತ ಎಡಚರಾ?” ಅಂತ ಕೇಳಿದೆ. “ನಿಂಗ್ಯಾರು ಹೇಳಿದ್ರೋ?” ಅಂದರು. ಶಾಲೆಯಲ್ಲಿ ಹೊಡೆದು ಹೊಡೆದು ಬರವಣಿಗೆಯನ್ನು ಬಲಗೈಗೆ ತಂದಿದ್ದರಂತೆ. ಚಾಕು ಮಾತ್ರ ಎಡಗೈಯಲ್ಲೇ ಉಳಿದುಕೊಂಡಿತು. ಪಾಲಿಶ್ ಚಕ್ರಕ್ಕೆ ಕೊಟ್ಟಿದ್ದರೆ ಎರಡೂ ಪಕ್ಕ ಸಮನಾಗಿ, ಅಂದವಾಗಿ ಬರುತ್ತಿತ್ತು. ನಾನು ಆ ಓರೆಯನ್ನು ಹಾಗೇ ಅನುಸರಿಸಿ ಮಸೆದಿದ್ದೇನೆ.

ಮೊನೆ ಮುರಿದಿದ್ದರೆ ಏನು ಮಾಡುವುದು ಅಂತ ಮತ್ತೊಬ್ಬರ ಪ್ರಶ್ನೆ. ಬಾಯಿಯ ಕಡೆಯಿಂದ ಸವೆಸಿ ಮೊನೆ ಮಾಡಬೇಡಿ. ಮುಚ್ಚಿದಾಗ ಬೆನ್ನು ಹೊರಗಿರುತ್ತದೆ, ಬಾಯಿ ಒಳಗಿರುತ್ತದೆ. ಬಾಯಿಯ ಕಡೆಯಿಂದ ತೆಗೆದರೆ ಹೊಸ ಮೊನೆ ಬೆನ್ನಿನ ಮಟ್ಟಕ್ಕೆ ಬಂದು, ಮುಚ್ಚಿದಾಗ ಹಿಡಿಯಿಂದ ಹೊರಗೆ ಇಣುಕುತ್ತದೆ, ಜೇಬು ಹರಿಯುತ್ತದೆ, ಬೆರಳೂ. ಬೆನ್ನಿನ ಕಡೆಯಿಂದ ಇಳಿಸಿದರೆ ಮೊನೆ ಒಳಗೇ ಅಡಗುತ್ತದೆ. ಅಲಗಿನ ಬುಡದಲ್ಲಿ ಬಾಯಿ ಶುರುವಾಗುವ ಮುನ್ನ ಒಂದು ಸಣ್ಣ ಉಬ್ಬು ಇರುತ್ತದೆ, ಮುಚ್ಚಿದಾಗ ಅಲಗು ಕೂರುವುದು ಅದರ ಮೇಲೆ. ಆ ಉಬ್ಬನ್ನು ಅರದಿಂದ ತುಸು ಉಜ್ಜಿದರೆ ಅಲಗು ಇನ್ನಷ್ಟು ಒಳಗಿಳಿಯುತ್ತದೆ. ಒಂದು ಎಳೆತ ಹೆಚ್ಚಾದರೂ ಬಾಯಿ ಒಳಗಿನ ಸ್ಪ್ರಿಂಗಿಗೆ ಬಡಿಯುತ್ತದೆ, ಮುಚ್ಚಿದಾಗಲೆಲ್ಲ ಒಂದೇ ಜಾಗ ಮೊಂಡಾಗುತ್ತದೆ. ಇದನ್ನೂ ಮಾಡಿ ನೋಡಿದವನು ನಾನು.

“ಅಡುಗೆ ಎಣ್ಣೆ ಹಾಕಬಹುದಾ?” ಬೇಡ. ಅದು ಗಾಳಿಗೆ ಒಣಗಿ ಅಂಟಾಗುತ್ತದೆ. ಡಬ್ಬಿಯಲ್ಲಿ ಸಿಗುವ ಅರ್ಧ ಚಾಕುಗಳು ಸಿಕ್ಕಿಹಾಕಿಕೊಂಡಿರುವುದು ಅದರಿಂದಲೇ ಅಂತ ನನ್ನ ಗುಮಾನಿ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು, ಹಣ್ಣು ಕತ್ತರಿಸಿದರೂ ತೊಂದರೆಯಿಲ್ಲ. ಚರ್ಮದ ಚೀಲದಲ್ಲಿ ಎತ್ತಿಡುವ ಆಸೆ ಬೇಡ, ಚರ್ಮ ತೇವ ಹಿಡಿಯುತ್ತದೆ, ಹದ ಮಾಡಿದ ಉಪ್ಪು ಅದರಲ್ಲಿ ಉಳಿದಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಮುಟ್ಟಿದ ಮೇಲೆ ಒರೆಸಿ. ಕಾರ್ಬನ್ ಉಕ್ಕಿನ ಮೇಲೆ ಬೆವರಿನ ಬೆರಳು ಬಿದ್ದರೆ ಒಂದೆರಡು ದಿನದಲ್ಲೇ ಬೆರಳಚ್ಚು ತುಕ್ಕಿನಲ್ಲಿ ಮೂಡಿರುತ್ತದೆ, ಗೆರೆಗಳ ಸಮೇತ.

ಹಿಡಿ ಬಿರುಕು ಬಿಟ್ಟಿದ್ದರೆ ಬದಲಿಸಬೇಕಾ ಎಂಬ ಪ್ರಶ್ನೆಗೆ ನನ್ನ ಉತ್ತರ ಎಲ್ಲರಿಗೂ ಹಿಡಿಸಲಿಲ್ಲ. ಅಂಗೈಗೆ ಚುಚ್ಚದಿದ್ದರೆ ಬಿಡಿ. ಚುಚ್ಚಿದರೆ ತೆಳು ಅಂಟು ಇಳಿಸಿ. ರಿವೆಟ್ ಕೊರೆದು, ಹಳೆಯ ಮೂಳೆ ಬಿಸಾಕಿ, ಹೊಸ ಮರ ಕೂರಿಸಿ ಬಂದವರನ್ನು ನೋಡಿದ್ದೇನೆ, ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ಆದರೆ ಹಿರಿಯರ ಕೈ ಇದ್ದದ್ದು ಹಿಡಿಯ ಮೇಲೆ.

ಚಾಕು ಒಂದು ಸುತ್ತು ಮುಗಿಸಿ ವಾಪಸ್ ಬಂತು ಅಂತ ಕಾಣುತ್ತದೆ. ಇಲ್ಲಿ ಕೊಡಿ. ಎಷ್ಟು ಜನ ಮುಟ್ಟಿದಿರಿ ಅಂತ ಎಣಿಸಬಹುದು, ಅಲಗಿನ ತುಂಬ ಬೆರಳಚ್ಚು. ಬಟ್ಟೆ ಎಲ್ಲಿಟ್ಟೆ ನಾನು?